ಚಕ್ರದ ಮುಂದಿನ ಕಾಳುಮೆಣಸು

ಮನೆ ತುಂಬ ಧೂಳು. ನಿನ್ನೆ ಮಧ್ಯಾಹ್ನ ಎದ್ದ ಗಾಳಿ ಕುವೈತಿನ ಈ ರಿಗ್ಗೈಯ ಕಟ್ಟಡಗಳಿಗೆಲ್ಲ ಹಳದಿ ಬಳಿದು ಹೋಯಿತು. ಕಿಟಕಿಯ ಸಂದಿಗೆ ಒದ್ದೆ ಬಟ್ಟೆ ತುರುಕಿದ್ದೆ, ಬಾಗಿಲ ಕೆಳಗೆ ಹಳೆಯ ಟವೆಲ್ ಒತ್ತಿದ್ದೆ, ಆದರೂ ಬರುವುದು ಬಂದೇ ಬಂತು. ಅಡುಗೆಮನೆಯಿಂದ ಹಾಲಿಗೆ ನಡೆದರೆ ನನ್ನ ಹೆಜ್ಜೆ ನನಗೇ ಕಾಣಿಸುತ್ತದೆ. ಪೊರಕೆ ಬಾಗಿಲ ಹಿಂದೆಯೇ ಇದೆ. ಕ್ಲಿನಿಕ್ಕಿಗೆ ರಜೆ ಹಾಕಿದ್ದೇನೆ, ಕೈಕಾಲು ಗಟ್ಟಿಯಾಗಿವೆ. ಆದರೂ ಗುಡಿಸುತ್ತಿಲ್ಲ. ನೀವು ಈಗ ಬಂದರೆ ಸೋಫಾದ ಮೇಲೆ ಒಂದು ಬೆಡ್‌ಶೀಟ್ ಹಾಸಿ ಕೂರಿಸುತ್ತೇನೆ, ಕಾಫಿಯನ್ನೂ ಕೊಡುತ್ತೇನೆ. ಸೋಮಾರಿ ಎಂದು ಮಾತ್ರ ಅಂದುಕೊಳ್ಳಬೇಡಿ. ನನ್ನ ಮಗಳು ಸಿರಿ ಇನ್ನೂ ಆಕಾಶದಲ್ಲಿದ್ದಾಳೆ.

ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ ಅವರ ಬೆನ್ನ ಹಿಂದೆಯೇ ಕಸ ಗುಡಿಸಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಹೆಚ್ಚಿನವರು ಅರ್ಧ ಗಂಟೆ ಕಾದು ಗುಡಿಸಿಕೊಳ್ಳುತ್ತಾರೆ. ನನ್ನ ಅಮ್ಮ ಮಾತ್ರ ಹೋದವರು ತಲುಪಿದ ಸುದ್ದಿ ಬರುವ ತನಕ ಪೊರಕೆ ಮುಟ್ಟುತ್ತಿರಲಿಲ್ಲ. ನಾನು ದಂತವೈದ್ಯೆ, ನಾಲ್ಕು ಅಕ್ಷರ ಕಲಿತವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ನಂಬುವುದಿಲ್ಲ, ಆದರೆ ಗುಡಿಸುವುದೂ ಇಲ್ಲ.

ಸಿರಿ ಮೈಸೂರಿನಲ್ಲಿ ಕಾಲೇಜು ಸೇರಲು ಹೊರಟಿದ್ದಾಳೆ. ಒಬ್ಬಳೇ ವಿಮಾನ ಹತ್ತಿದ್ದು ಇದೇ ಮೊದಲು. ಸುತ್ತಲಿನ ಯುದ್ಧದಿಂದಾಗಿ ಈಚೆಗೆ ಈ ಭಾಗದ ಆಕಾಶ ಹೇಗಿದೆ ಎಂದು ನಿಮಗೂ ಗೊತ್ತಿರುತ್ತದೆ. ಇವತ್ತು ತೆರೆದಿದೆ ಅನ್ನುತ್ತಾರೆ, ನಾಳೆ ಮುಚ್ಚಿದೆ ಅನ್ನುತ್ತಾರೆ, ಹೊರಟ ವಿಮಾನ ಅರ್ಧ ದಾರಿಯಿಂದ ಹಿಂದೆ ಬಂದದ್ದೂ ಉಂಟು. ಏರ್‌ಪೋರ್ಟಿನಲ್ಲಿ ನನ್ನ ಮುಖ ನೋಡಿ ಸಿರಿ, "ಅಮ್ಮಾ, ಪ್ಲೀಸ್, ಡೋಂಟ್ ಟ್ರ್ಯಾಕ್ ಮೈ ಫ್ಲೈಟ್" ಅಂದಳು. ಆಗಲಿ ಅಂದೆ. ಕಾರಿನಲ್ಲಿ ಕೂತು ಸೀಟ್ ಬೆಲ್ಟ್ ಹಾಕಿಕೊಳ್ಳುವ ಮೊದಲೇ ಫೋನು ತೆರೆದೆ.

ಅದರ ನಕ್ಷೆಯಲ್ಲಿ ಹಳದಿ ಬಣ್ಣದ ಪುಟ್ಟ ವಿಮಾನ ಒಂದು ಸಮುದ್ರದ ಮೇಲೆ ತೆವಳುತ್ತದೆ. ಸ್ವಲ್ಪ ಹೊತ್ತು ಚೆನ್ನಾಗಿಯೇ ಹೋಗುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ನಿಂತದ್ದು ಎತ್ತಲೋ ನೆಗೆದು, ಯಾವುದೋ ಮರಳುಗಾಡಿನ ಮೇಲೆ ಕಾಣಿಸಿ, ಮಾಯವಾಯಿತು. ಗಿರೀಶನಿಗೆ, ಅಂದರೆ ನನ್ನ ಯಜಮಾನರಿಗೆ, ಫೋನು ಮಾಡಿದೆ. ಅವರು ರಿಫೈನರಿಯಲ್ಲಿ ಎಂಜಿನಿಯರ್. ಯಾವುದು ಕೆಟ್ಟರೂ ಮೊದಲು ಅಳತೆಯ ಯಂತ್ರದ ಮೇಲೆ ಅನುಮಾನ ಪಡುವ ಜಾತಿ. ಈಗೀಗ ಇಲ್ಲಿ ಸಿಗ್ನಲ್ ಹೀಗೇ ಹಾರಾಡುತ್ತದೆ, ಫೋನು ಕೆಳಗಿಡು ಅಂದರು. ಕೆಳಗಿಟ್ಟೆ. ಕಣ್ಣು ಮಾತ್ರ ಅಲ್ಲೇ ಇತ್ತು. ಕಣ್ಣನ್ನು ಬೇರೆ ಕಡೆ ಇಡಬೇಕೆಂದೇ ಶೋಕೇಸಿನ ಗಾಜು ಸರಿಸಿ, ಇನ್ನೊಂದು ವಿಮಾನವನ್ನು ನೋಡುತ್ತ ಕೂತಿದ್ದೇನೆ.

ಇದು ನಾನೇ ಮಾಡಿದ್ದು. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ಸ್ವಲ್ಪ ಚಿಕ್ಕದು, ಬೆಳ್ಳಿ ಬಣ್ಣದ ಮಿಗ್-೨೧. ಮೂತಿಯಲ್ಲಿ ಉದ್ದನೆಯ ಕಡ್ಡಿ, ಅದರ ಹಿಂದೆ ಮೂರು ಬೊಟ್ಟು ಕುಂಕುಮ. ಮೂರು ಚಕ್ರಗಳ ಮುಂದೆ ಒಂದೊಂದು ಕಾಳುಮೆಣಸು. ಮಾದರಿ ವಿಮಾನ ಮಾಡುವ ಯಾರೇ ನೋಡಿದರೂ ಕುಂಕುಮಕ್ಕಿಂತ ಮೊದಲು ಇನ್ನೊಂದು ವಿಷಯ ಕೇಳುತ್ತಾರೆ. ಇಷ್ಟು ಶುಭ್ರವಾಗಿ ಏಕಿದೆ ಎಂದು.

ಆ ಕಥೆಗೆ ಮೊದಲು ಅಪ್ಪನ ವಿಷಯ ಹೇಳಬೇಕು. ಅಪ್ಪ ವಾಯುಪಡೆಯಲ್ಲಿದ್ದರು, ಇಂಥದ್ದೇ ವಿಮಾನ ಹಾರಿಸುತ್ತಿದ್ದರು. ನನ್ನ ಬಾಲ್ಯ ಕಳೆದದ್ದು ದೇಶದ ಪಶ್ಚಿಮದ ಮರಳಿನ ಅಂಚಿನ ಒಂದು ವಾಯುಪಡೆ ಸ್ಟೇಷನ್ನಿನಲ್ಲಿ. ಅಲ್ಲೂ ಹೀಗೆಯೇ ಧೂಳು. ಬೆಳಿಗ್ಗೆ ಅಪ್ಪ ಸ್ಕೂಟರ್ ಹತ್ತಿ ಹೊರಟರೆ, ಮತ್ತೆ ಸ್ಕೂಟರಿನ ಶಬ್ದ ಕೇಳಿಸುವವರೆಗೆ ಅಮ್ಮ ಕಸ ಗುಡಿಸುತ್ತಿರಲಿಲ್ಲ. ದಿನದಿನವೂ. ಮಿಕ್ಕ ಆಫೀಸರುಗಳ ಮನೆಯ ನೆಲ ಕನ್ನಡಿಯಂತೆ ಇರುತ್ತಿದ್ದರೆ ನಮ್ಮ ಮನೆಯಲ್ಲಿ ಮಧ್ಯಾಹ್ನದವರೆಗೂ ಮರಳು ಕಾಲಿಗೆ ಚುಚ್ಚುತ್ತಿತ್ತು. ಆ ಮೈಸೂರಿನ ಹೆಂಗಸು ಸ್ವಲ್ಪ ಕೊಳಕು ಎಂದು ಹೆಂಗಸರ ಕ್ಲಬ್ಬಿನಲ್ಲಿ ಹೆಸರಾಗಿತ್ತು. ಅಮ್ಮನಿಗೆ ಅದು ಗೊತ್ತಿತ್ತು. ಹೆಸರು ಕೆಟ್ಟರೂ ಪರವಾಗಿಲ್ಲ ಎಂದು ಸುಮ್ಮನಿದ್ದಳು.

ನಮ್ಮ ಮನೆಯಲ್ಲಿ ವಿಮಾನ ಎನ್ನುವ ಮಾತೇ ಇರಲಿಲ್ಲ. ಅಪ್ಪ ಹೋಗುತ್ತಿದ್ದದ್ದು ಆಫೀಸಿಗೆ. ಅಪ್ಪನೂ ಒಪ್ಪಿಕೊಂಡುಬಿಟ್ಟಿದ್ದರು, "ಇವತ್ತು ಆಫೀಸಲ್ಲಿ ಮೋಡ ಜಾಸ್ತಿ ಇತ್ತು" ಎಂದು ಊಟಕ್ಕೆ ಕೂರುತ್ತಿದ್ದರು. ಗೋಡೆಯ ಮೇಲೆ ವಿಮಾನದ ಚಿತ್ರವಿರಲಿಲ್ಲ. ಯಾರೋ ನನ್ನ ಹುಟ್ಟಿದ ಹಬ್ಬಕ್ಕೆ ಕೊಟ್ಟ ತಗಡಿನ ವಿಮಾನ ಮರುದಿನವೇ ಪಕ್ಕದ ಮನೆಯ ಮಗುವಿನ ಪಾಲಾಯಿತು. ಅಕ್ಕಪಕ್ಕದ ಕ್ವಾರ್ಟರ್ಸಿನಲ್ಲಿ ಎರಡು ಸಲ, ಬೆಳಿಗ್ಗೆ ಹೋದ ಸ್ಕೂಟರ್ ಸಂಜೆ ಬೇರೆಯವರ ಕೈಯಲ್ಲಿ ಮನೆಗೆ ಬಂದದ್ದನ್ನು ಅಮ್ಮ ಕಂಡಿದ್ದಳು. ಹೆದರಿಕೆಯನ್ನು ಅವಳು ನನಗೆ ಹೇಳಿಕೊಡಲಿಲ್ಲ. ಮಾತೃಭಾಷೆ ಬಂದ ಹಾಗೆ ಅದೂ ತಾನಾಗಿ ಬಂತು.

ಅಷ್ಟೆಲ್ಲ ಹೆದರಿದ ಮೇಲೆ, ಕೊನೆಗೆ ಅಪ್ಪ ತೀರಿಕೊಂಡದ್ದು ಮುಪ್ಪಿನಲ್ಲಿ, ಮೈಸೂರಿನಲ್ಲಿ, ಮಂಚದ ಮೇಲೆ, ನೆಲದಿಂದ ಎರಡಡಿ ಎತ್ತರದಲ್ಲಿ.

ಅದಾದ ಮೇಲೆ ಒಂದು ದಿನ ಸಾಲ್ಮಿಯಾದ ಅಂಗಡಿಯೊಂದರಲ್ಲಿ ಸಿರಿಗೆ ಬಣ್ಣದ ಪೆನ್ಸಿಲ್ ಹುಡುಕುವಾಗ ಈ ವಿಮಾನದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಯಾಕೆ ಕೊಂಡೆನೋ ಹೇಳಲಾರೆ. ತುಂಡುತುಂಡಾದ ಬೂದು ಪ್ಲಾಸ್ಟಿಕ್ಕು, ಕತ್ತರಿಸಿ, ಉಜ್ಜಿ, ಅಂಟಿಸಬೇಕು. ಹಲ್ಲಿನ ಡಾಕ್ಟರಿಗೆ ಇದೇನು ಮಹಾ ಎಂದು ಕೂತೆ. ನಿಜಕ್ಕೂ ನನ್ನ ಕಸುಬಿನ ಸಾಮಾನೇ ಬೇಕಾದಷ್ಟು ಉಪಯೋಗಕ್ಕೆ ಬಂತು. ನಿಜವಾದ ವಿಮಾನದ ಮೈಮೇಲೆ ಕಾಣುವ ತಗಡಿನ ಜೋಡಣೆಯ ಗೆರೆಗಳನ್ನು ಹುಳುಕು ಕೆದಕುವ ಕೊಕ್ಕೆಯಿಂದ ಕೊರೆದೆ. ಸಂದುಗಳನ್ನು ಹಲ್ಲಿಗೆ ಪಾಲಿಶ್ ಮಾಡುವ ಬಿಲ್ಲೆಯಿಂದ ನುಣುಪು ಮಾಡಿದೆ. ಮೂತಿಯ ಕಡ್ಡಿ ಮೊದಲ ವಾರವೇ ಮುರಿಯಿತು, ಅದರ ಜಾಗಕ್ಕೆ ಹೊಸ ಇಂಜೆಕ್ಷನ್ ಸೂಜಿ ಸಿಕ್ಕಿಸಿದೆ. ಅಪ್ಪ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಅವರಿಗೆ ಹಲ್ಲಿನ ಇಂಜೆಕ್ಷನ್ ಅಂದರೆ ಜೀವ ಹೋಗುವಷ್ಟು ಭಯ.

ಬೆಳ್ಳಿ ಬಣ್ಣ ಹೊಡೆದು, ರೆಕ್ಕೆಗೆ ಮೂರು ಬಣ್ಣದ ವೃತ್ತ ಅಂಟಿಸಿ ಮುಗಿಸಿದಾಗ ಅದು ಆಟದ ಸಾಮಾನಿನ ಹಾಗೆಯೇ ಕಂಡಿತು. ಈ ಹವ್ಯಾಸದವರು ಅಲ್ಲಿಗೆ ನಿಲ್ಲಿಸುವುದಿಲ್ಲ. ಆಮೇಲೆ ಅದನ್ನು ಕೊಳೆ ಮಾಡುತ್ತಾರೆ. ಹಾರಿ ಹಾರಿ ಹಳತಾದ ವಿಮಾನಕ್ಕೆ ಹೊಗೆ, ಎಣ್ಣೆ, ಬಿಸಿಲು, ಮಣ್ಣು ಎಲ್ಲೆಲ್ಲಿ ಮೆತ್ತಿರುತ್ತದೋ ಅಲ್ಲಲ್ಲಿ ಬಣ್ಣದಿಂದ ಮೆತ್ತಬೇಕು. ನನ್ನ ಬಳಿ ಒಂದು ಫೋಟೋ ಇತ್ತು: ಅಪ್ಪ ಏಣಿಗೆ ಒರಗಿ ನಿಂತಿದ್ದಾರೆ, ಹಿಂದೆ ಅವರ ವಿಮಾನ, ಬಾಲದ ಸುತ್ತ ಮಸಿ, ಹೊಟ್ಟೆಯ ಕೆಳಗೆ ಎಣ್ಣೆಯ ಗೆರೆಗಳು. ಅದನ್ನು ಎದುರಿಗಿಟ್ಟುಕೊಂಡು ಸಣ್ಣ ಕುಂಚದಲ್ಲಿ ತೆಳು ಮಾಡಿದ ಕಂದು ಬಣ್ಣ ಎಳೆದೆ, ಕಪ್ಪು ಸೀಮೆಸುಣ್ಣವನ್ನು ಪುಡಿ ಮಾಡಿ ಬಾಲಕ್ಕೆ ತೀಡಿದೆ. ನನ್ನ ಅವಸ್ಥೆ ನೋಡಿ. ಬೆಳಿಗ್ಗೆಯೆಲ್ಲ ಜನರ ಹಲ್ಲಿನಿಂದ ಕರಕ್ ಚಹಾದ ಕಲೆ ತೆಗೆಯುವುದು, ಮಧ್ಯಾಹ್ನ ಮನೆಗೆ ಬಂದು ಪ್ಲಾಸ್ಟಿಕ್ಕಿಗೆ ಕಲೆ ಹಚ್ಚುವುದು. ಎರಡಕ್ಕೂ ಒಂದೇ ಬಗೆಯ ಸಣ್ಣ ಕುಂಚ.

ಹಚ್ಚಿದ್ದು ನಿಲ್ಲಬೇಕಾದರೆ ಕೊನೆಯಲ್ಲಿ ತೆಳ್ಳಗೆ ವಾರ್ನಿಶ್ ಹೊಡೆಯಬೇಕು. ಅದನ್ನು ಮುಂದೂಡುತ್ತಲೇ ಬಂದೆ. ಹೊಡೆದ ದಿನವೇ ಧೂಳೆದ್ದು ಅಂಟಿಕೊಂಡರೆ, ವಾರ್ನಿಶ್ ಬೆಳ್ಳಗಾಗಿಬಿಟ್ಟರೆ, ಕೈ ನಡುಗಿದರೆ... ಆಗದೇ ಇರುವುದನ್ನೆಲ್ಲ ಮೊದಲೇ ಅನುಭವಿಸಿಬಿಡುವುದು ನನ್ನ ಹುಟ್ಟುಗುಣ. ಹಾಗೆ ಮುಂದೂಡುತ್ತಿರುವಾಗಲೇ ಅಮ್ಮನಿಗೆ ವಿಸಿಟ್ ವೀಸಾ ಬಂತು.

ಅಪ್ಪ ಹೋದ ಮೇಲೆ ಅಮ್ಮ ಮಾತು ಕಡಿಮೆ ಮಾಡಿದ್ದಳು. ಅತ್ತಿರಲಿಲ್ಲ. ಮೈಸೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿ ಮೊಮ್ಮಕ್ಕಳ ನಡುವೆಯೇ ಇದ್ದಳು; ಆದರೂ ಅವಳ ಬಿಪಿ ಏರುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ, ಅಪ್ಪನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು. ಇಲ್ಲಿಗೆ ಬಂದರೆ ಮನಸ್ಸು ಸ್ವಲ್ಪ ಹಗುರಾದೀತು ಎಂದು ನಾನೇ ಹಟ ಹಿಡಿದು ಕರೆಸಿಕೊಂಡೆ. ಕುವೈತಿಗೆ ಬಸ್ಸು ಇಲ್ಲವಾ ಎಂದು ಅವಳು ಗಂಭೀರವಾಗಿಯೇ ಕೇಳಿದ್ದಳಂತೆ. ವಿಮಾನದಲ್ಲಿ ನೀರೂ ಕುಡಿಯದೆ, ಕಣ್ಣು ಮುಚ್ಚಿ, ಕೈಮುಷ್ಟಿ ಬಿಗಿದು ಬಂದಳು. ಇಳಿದಾಗ ಅಂಗೈಯಲ್ಲಿ ಉಗುರಿನ ಗುರುತು ಮೂಡಿತ್ತು.

ಅಂಥವಳು ಬಂದಿರುವ ಮನೆಯಲ್ಲಿ ಅಪ್ಪನ ವಿಮಾನ, ಅದೂ ಈಗಷ್ಟೇ ಹಾರಿ ಬಂದು ನಿಂತಂತೆ ಮಸಿ ಮೆತ್ತಿಕೊಂಡು! ಅದು ಅವಳ ಕಣ್ಣಿಗೆ ಬಿದ್ದರೆ ಏನಾಗುತ್ತದೋ ಎಂದು ನನಗೆ ಜೀವ ಬಾಯಿಗೆ ಬಂತು. ವಾಷಿಂಗ್ ಮೆಷಿನ್ನಿನ ಮೇಲಿನ ಕಪಾಟಿನಲ್ಲಿಟ್ಟು, ಮೇಲೆ ದೊಡ್ಡ ಸ್ಟೀಲ್ ಬೇಸಿನ್ ಬೋರಲು ಹಾಕಿದೆ. ಬಟ್ಟೆ ನಾನೇ ಒಗೆಯುತ್ತೇನೆ, ನೀನು ಆ ಕಡೆ ಬರಬೇಡ ಎಂದು ಅಮ್ಮನಿಗೆ ತಾಕೀತು ಮಾಡಿದೆ. ಗಿರೀಶ ಕಳ್ಳಸಾಗಾಣಿಕೆ ಹೇಗೆ ನಡೆದಿದೆ ಎಂದು ಕಿಚಾಯಿಸುತ್ತಿದ್ದರು. ಕ್ಲಿನಿಕ್ಕಿನಲ್ಲಿ ಯಾರದೋ ಬಾಯೊಳಗೆ ಕೈಯಿಟ್ಟುಕೊಂಡು, ಈಗ ಅಮ್ಮ ಬೇಸಿನ್ ಎತ್ತಿದಳೇನೋ, ಬಿದ್ದಳೇನೋ ಎಂದು ಯೋಚಿಸುತ್ತಿದ್ದೆ. ಎರಡು ಸಲ ಅಮ್ಮನ ಬಿಪಿ ನೋಡುವ ನೆಪದಲ್ಲಿ ಮನೆಗೇ ಓಡಿ ಬಂದೆ. ಅವಳದು ಸರಿಯಾಗಿತ್ತು. ನನ್ನದನ್ನು ಯಾರೂ ನೋಡಲಿಲ್ಲ.

ಆಯುಧಪೂಜೆ ಬಂತು. ಇಲ್ಲಿನ ಆಯುಧಪೂಜೆ ಸ್ವಲ್ಪ ಮೆತ್ತಗಿನದು. ಅಬ್ಬಾಸಿಯಾದ ಮಲಯಾಳಿ ಅಂಗಡಿಯಿಂದ ಚೆಂಡುಹೂ ತರುತ್ತೇವೆ. ಬೂದುಗುಂಬಳ ಒಡೆಯುವಂತಿಲ್ಲ. ಪಾರ್ಕಿಂಗಿನಲ್ಲಿ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರೆ ಕಟ್ಟಡ ಕಾಯುವ ಹಾರಿಸ್ ಓಡಿ ಬಂದು, ಮೇಡಂ, ಬಿದ್ದಿದೆ ಎಂದು ಪ್ರತಿ ವರ್ಷ ಎತ್ತಿಕೊಡುತ್ತಾನೆ. ಅವತ್ತು ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡುವಾಗ ಅಮ್ಮ ಮನೆಯ ಆಯುಧಗಳನ್ನೆಲ್ಲ ತೊಳೆದಿಡುತ್ತೇನೆ ಅಂದಳು. ಈಳಿಗೆಮಣೆ, ಚಾಕು, ಗಿರೀಶನ ಸ್ಪ್ಯಾನರುಗಳು, ನನ್ನ ಹಳೆಯ ಇಕ್ಕಳ, ಅಷ್ಟೇ ತಾನೆ ಎಂದುಕೊಂಡು ಹೋದೆ. ಇಕ್ಕಳ ಇದ್ದದ್ದು ಅದೇ ಕಪಾಟಿನಲ್ಲಿ ಎನ್ನುವುದು ಹೊಳೆದದ್ದು ಮಧ್ಯಾಹ್ನ, ಮನೆಯ ಬಾಗಿಲಿಗೆ ಬೀಗದ ಕೈ ಹಾಕುವಾಗ.

ಒಳಗೆ ಬಂದರೆ ದೇವರ ಮುಂದೆ ಎಲ್ಲ ಸಾಲಾಗಿ ಇತ್ತು. ಸಿರಿಯ ಲ್ಯಾಪ್‌ಟಾಪಿಗೂ ಒಂದು ಹೂ. ಎಲ್ಲದರ ನಡುವೆ, ಬಾಳೆ ಎಲೆಯ ತುಂಡಿನ ಮೇಲೆ, ಅಪ್ಪನ ವಿಮಾನ. ಉಜ್ಜಿಟ್ಟ ಬೆಳ್ಳಿದೀಪದ ಹಾಗೆ ಹೊಳೆಯುತ್ತಿತ್ತು. ಮಸಿ ಇಲ್ಲ, ಎಣ್ಣೆಯ ಗೆರೆ ಇಲ್ಲ, ನಾನು ತಿಂಗಳುಗಟ್ಟಲೆ ಕೂತು ಹಚ್ಚಿದ ಒಂದು ಕಲೆಯೂ ಉಳಿದಿರಲಿಲ್ಲ. ಸಿಂಕಿನಲ್ಲಿ ಪಾತ್ರೆಯ ಸೋಪು, ಪಕ್ಕದಲ್ಲಿ ನಮ್ಮ ಕ್ಲಿನಿಕ್ಕಿನವರು ಬಿಟ್ಟಿ ಕೊಡುವ ಮೆತ್ತನೆಯ ಟೂತ್‌ಬ್ರಶ್ಶು. ಕಲೆ ಹೋಯಿತಲ್ಲ ಎಂದೂ, ಅಮ್ಮ ನೋಡಿಬಿಟ್ಟಳಲ್ಲ ಎಂದೂ ಬೀಗದ ಕೈ ಹಿಡಿದುಕೊಂಡೇ ನಿಂತುಬಿಟ್ಟೆ. ಅಮ್ಮ ನೆಲದ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಮುಖ ಶಾಂತವಾಗಿತ್ತು.

ಯಾಕೆ ಹಾಗೆ ನಿಂತಿದೀಯ ಎಂದು ಅವಳೇ ಕೇಳಿದಳು. ಅದು ಕೊಳೆಯಲ್ಲ, ನಾನು ಬೇಕೆಂದೇ ಬರೆದದ್ದು ಎಂದು ತೊದಲಿದೆ.

"ಗೊತ್ತು ಕಣೇ," ಅಂದಳು. "ಬಾಲದ ಹತ್ರ ಮಸಿ, ಹೊಟ್ಟೆ ಕೆಳಗೆ ಎಣ್ಣೆ. ನಿಮ್ಮಪ್ಪನ ವಿಮಾನ ಹಾಗೇ ಇರ್ತಿತ್ತು. ಅದನ್ನ ನೋಡೇ ತೊಳೆದೆ."

ವಿಮಾನ ಎನ್ನುವ ಮಾತನ್ನು ಅಮ್ಮನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಾನು ಅವಳ ಪಕ್ಕದಲ್ಲಿ ಕೂತೆ. ಅವಳು ದಾರದಿಂದ ಕಣ್ಣೆತ್ತಲಿಲ್ಲ.

"ಕೊಳೆ ಆಗಿದೆ ಅಂದ್ರೆ ಹಾರ್ತಾ ಇದೆ ಅಂತ. ವರ್ಷಕ್ಕೊಂದು ದಿನ, ಆಯುಧಪೂಜೇಲಿ, ನಮ್ಮನ್ನೂ ಒಳಗೆ ಬಿಡೋರು. ಎಲ್ಲಾ ತೊಳೆದು, ಹೂ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು ನಿಲ್ಸಿರೋರು. ಅವತ್ತು ಒಂದೂ ಮೇಲೆ ಹೋಗ್ತಿರ್ಲಿಲ್ಲ. ಅವತ್ತೊಂದು ದಿನ ನಾನು ಬೆಳಿಗ್ಗೆ ಎದ್ದೋಳೇ ಮನೆ ಗುಡಿಸ್ತಿದ್ದೆ. ನಿಂಗೆ ಜ್ಞಾಪಕ ಇಲ್ವಾ?"

ಇತ್ತು. ಅವಳು ಹೇಳಿದ ಮೇಲೆ ಎಲ್ಲ ಬಂತು. ಅಂಗಳದ ಮರಳಿಗೆ ನೀರು ಚಿಮುಕಿಸಿದ ವಾಸನೆ, ನಾನು ಹಾಸಿಗೆಯಲ್ಲಿರುವಾಗಲೇ ಕೇಳುತ್ತಿದ್ದ ಪೊರಕೆಯ ಶಬ್ದ, ಗುಡಿಸುತ್ತ ಅಮ್ಮ ಗುನುಗುತ್ತಿದ್ದದ್ದು, ಅಪ್ಪ ಕಾಲು ಮೇಲೆತ್ತಿ ಕೂತು ಕಾಫಿ ಕುಡಿಯುತ್ತಿದ್ದದ್ದು. ಹಬ್ಬದ ಸಡಗರ ಎಂದುಕೊಂಡಿದ್ದೆ. ಅದು ಹೆದರಿಕೆಗೆ ರಜೆ ಸಿಕ್ಕಿದ ಒಂದು ದಿನ ಎಂದು ನನಗೆ ತಿಳಿದಿರಲಿಲ್ಲ. ಎಷ್ಟೋ ವರ್ಷ ಅವಳು ಒಬ್ಬಳೇ ಹೊತ್ತದ್ದನ್ನು ನೆನೆದು ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ನಾನು ಅಳುವುದನ್ನು ನೋಡಿ ಅಮ್ಮನೂ ಅತ್ತಳು. ಅಪ್ಪ ಹೋದ ಮೇಲೆ ಮೊದಲ ಸಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬಹಳ ಹೊತ್ತು. ಅವಳಿಗೆ ಏನೂ ಆಗಲಿಲ್ಲ. ಆಮೇಲೆ ಇಬ್ಬರೂ ಮೊಸರನ್ನ ತಿಂದೆವು. ಅವಳು ಮಧ್ಯಾಹ್ನದಲ್ಲೇ ಹಾಸಿಗೆ ಹಾಸಿಕೊಂಡು ನಿದ್ದೆ ಹೋದಳು.

ಸಂಜೆ ಎದ್ದಮೇಲೆ ಕೇಳಿದೆ, ಚಕ್ರದ ಮುಂದೆ ಕಾಳುಮೆಣಸು ಯಾಕೆ ಎಂದು. ನಿಂಬೆಹಣ್ಣು ದೊಡ್ಡದಾಯಿತು, ಅದಕ್ಕೆ, ಅಂದಳು. ನಾಳೆ ಬೇಕಾದರೆ ನಿನ್ನ ಮಸಿ ಬಳಿದುಕೋ, ಇವತ್ತೊಂದು ದಿನ ನೆಲದ ಮೇಲಿರಲಿ ಅಂದಳು.

ಮರುದಿನ ಬಳಿಯಲಿಲ್ಲ. ಅಮ್ಮ ಊರಿಗೆ ಹೋದ ಮೇಲೂ ಬಳಿಯಲಿಲ್ಲ. ಬಣ್ಣ ಒಣಗಿದೆ, ಕುಂಚ ಗಟ್ಟಿಯಾಗಿದೆ ಎಂದು ಒಂದೊಂದು ನೆಪ. ನಿಜ ಹೇಳಬೇಕೆಂದರೆ ನನಗೂ ಅದು ನೆಲದ ಮೇಲೆ ಇರುವುದೇ ಹಿತವಾಗಿತ್ತು. ಈ ಊರಿನ ಆಕಾಶದಲ್ಲಿ ಗುಡುಗಿದಂಥ ಸದ್ದು ಹಾದುಹೋದಾಗಲೆಲ್ಲ ಶೋಕೇಸಿನ ಗಾಜು ನಡುಗುತ್ತದೆ. ನಾನು ಎದ್ದು ಹೋಗಿ ಕಾಳುಮೆಣಸು ಜಾಗದಲ್ಲೇ ಇದೆಯಾ ಎಂದು ನೋಡುತ್ತೇನೆ. ಸಿರಿ ಈ ಕಾಲೇಜಿನ ಮಾತೆತ್ತಿದಾಗ ಒಂದು ವರ್ಷ ಇಲ್ಲೇ ಏನಾದರೂ ಓದು, ಪರಿಸ್ಥಿತಿ ಸರಿಹೋಗಲಿ ಎಂದು ಎಷ್ಟು ಸಲ ಹೇಳಿದೆನೋ. ಅವಳು ಜಗಳವಾಡಲಿಲ್ಲ. ಶೋಕೇಸಿನ ಕಡೆ ತೋರಿಸಿ, "ಅಮ್ಮಾ, ಐ ಆಮ್ ನಾಟ್ ದಟ್" ಅಂದಳು, ಅಷ್ಟೆ. ಅದರ ಮಾರನೆಯ ದಿನ ನಾನೇ ಟಿಕೆಟ್ ಮಾಡಿಸಿದೆ.

ಇಷ್ಟು ಹೇಳುವಷ್ಟರಲ್ಲಿ ನಿಮ್ಮ ಕಾಫಿಯೂ ಆರಿತು. ಫೋನಿನಲ್ಲಿ ಹಳದಿ ವಿಮಾನ ಮತ್ತೆ ಕಾಣಿಸಿಕೊಂಡಿತು, ಮತ್ತೆ ಮಾಯವಾಯಿತು. ಇಳಿಯುವ ಹೊತ್ತು ದಾಟಿದೆ. ಗಿರೀಶನೂ ಎರಡು ಸಲ ಫೋನು ಮಾಡಿದರು, ಯಂತ್ರದ ಮೇಲಿನ ಅನುಮಾನ ಈಗ ಅವರಿಗೇ ಸಾಲುತ್ತಿಲ್ಲ. ಅಂಗೈ ನೋಡಿಕೊಂಡೆ. ಉಗುರಿನ ಗುರುತು ಮೂಡಿದೆ.

ಫೋನು ಹೊಡೆದುಕೊಂಡಿತು. ಸಿರಿಯಲ್ಲ, ತಮ್ಮನ ನಂಬರು. ಎತ್ತಿದೆ. ಆ ಕಡೆ ಗದ್ದಲ, ಟ್ರಾಲಿಗಳ ಸದ್ದು, ಯಾರನ್ನೋ ಯಾರೋ ಕೂಗುವುದು. ಮಾತಾಡಿದ್ದು ತಮ್ಮನಲ್ಲ, ಅಮ್ಮ. ಮೈಸೂರಿನ ಮನೆಯಲ್ಲಿರಬೇಕಾದವಳು, ವಿಮಾನದ ಸದ್ದಿಗೆ ಕಿಟಕಿ ಹಾಕಿಕೊಳ್ಳುವವಳು, ಬೆಂಗಳೂರಿನ ಏರ್‌ಪೋರ್ಟಿನಲ್ಲಿ ನಿಂತಿದ್ದಳು.

"ಬಂದ್ಲು ಕಣೇ, ಎದುರಿಗೇ ಇದಾಳೆ," ಅಂದಳು. "ಇನ್ನು ಗುಡಿಸ್ಕೋ."

ಗುಡಿಸಿದೆ. ಸೋಫಾದ ಅಡಿಯವರೆಗೆ, ಬಾಗಿಲ ಹಿಂದಿನವರೆಗೆ. ನಿಮ್ಮ ಕಾಲ ಬುಡದಲ್ಲಿ ಗುಡಿಸುವಾಗ ಕಾಲೆತ್ತಿ ಎಂದೂ ಹೇಳಿರಬೇಕು, ಕ್ಷಮಿಸಿ. ಆಮೇಲೆ ಕೈ ತೊಳೆದುಕೊಂಡು ಡಬ್ಬಿಯಿಂದ ಕಪ್ಪು ಸೀಮೆಸುಣ್ಣ ಹುಡುಕಿ ತೆಗೆದು ಪುಡಿ ಮಾಡಿದೆ. ಕುಂಕುಮಕ್ಕೆ ತಾಗದಂತೆ ಬಾಲದ ಸುತ್ತ ಮೆಲ್ಲಗೆ ಮಸಿ ತೀಡಿದೆ. ಕೊನೆಗೆ ಚಕ್ರದ ಮುಂದಿನ ಮೂರು ಕಾಳುಮೆಣಸನ್ನೂ ತೆಗೆದೆ.